ಎರಡನೆಯ ರೌಟರ್ ಮತ್ತು ಮನೆಯವರ ಹೊಣೆ

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಇತ್ತೀಚೆಗೆ ಹೊಸ ಬಗೆಯ ಪ್ರಶ್ನೆಯೊಂದು ಕಾಣಿಸತೊಡಗಿದೆ. ಮನೆಯಲ್ಲಿ ಈಗಾಗಲೇ ಇರುವ ವೈಫೈ ಮೋಡೆಮ್‌ಗೆ ಇನ್ನೊಂದು ಸಣ್ಣ ರೌಟರನ್ನು ಜೋಡಿಸಿ, ಅದರಲ್ಲಿ ವಿಪಿಎನ್ ಅಳವಡಿಸಿ, ಮಕ್ಕಳು ಓದಿಗೆ ಬಳಸುವ ಕಂಪ್ಯೂಟರನ್ನೂ ಟ್ಯಾಬನ್ನೂ ಅದರ ಹಿಂದೆ ಇರಿಸಬಹುದೆ ಎಂಬುದು ಆ ಪ್ರಶ್ನೆ. ಗಲ್ಫ್‌ನಲ್ಲಿ ದುಡಿಯುವವರು ರಜೆಯಲ್ಲಿ ಊರಿಗೆ ಬರುವಾಗ ಅಂಗೈಯಗಲದ ಇಂತಹ ಪೆಟ್ಟಿಗೆಯೊಂದನ್ನು ತಂದುಕೊಟ್ಟು ಹೋಗಿರುತ್ತಾರೆ. ಅದನ್ನು ಹಾಕಿದರೆ ಪೊಲೀಸು ಕೇಸಾದೀತೆ ಎಂಬ ಅಳುಕು ಕೆಲವರಿಗೆ. ಹಾಕಿದ ಮೇಲೆ ಮಕ್ಕಳ ಬಗ್ಗೆ ಇನ್ನು ಚಿಂತೆಯೇ ಬೇಡ ಎಂಬ ನೆಮ್ಮದಿ ಇನ್ನು ಕೆಲವರಿಗೆ. ಎರಡಕ್ಕೂ ಆಧಾರವಿಲ್ಲ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂತಹ ಪೆಟ್ಟಿಗೆಯನ್ನು ಮನೆಯಲ್ಲಿ ಇರಿಸುವುದಕ್ಕೆ ನಮ್ಮ ದೇಶದ ಕಾನೂನಿನ ಅಡ್ಡಿಯಿಲ್ಲ. ಅದರಿಂದ ನಿಜವಾದ ಕೆಲವು ಪ್ರಯೋಜನಗಳೂ ಇವೆ. ಆದರೆ ಅದು ನಮ್ಮ ಮನೆಯ ಅಂತರ್ಜಾಲ ವ್ಯವಹಾರವನ್ನು ಒಬ್ಬರ ಕಣ್ಣಿನಿಂದ ತಪ್ಪಿಸಿ ಇನ್ನೊಬ್ಬರ ಕಣ್ಣಿಗೆ ಒಪ್ಪಿಸುತ್ತದೆ. ಆ ಇನ್ನೊಬ್ಬರು ಯಾರೆಂದು ಆರಿಸುವ ಹೊಣೆ ಮನೆಯವರದು. ಆ ಆಯ್ಕೆ ತಪ್ಪಿದರೆ, ಪೆಟ್ಟಿಗೆ ಇಲ್ಲದಿದ್ದಾಗ ಇದ್ದುದಕ್ಕಿಂತ ದೊಡ್ಡ ತೊಂದರೆ ಮನೆಯೊಳಕ್ಕೆ ಬರುತ್ತದೆ.

ಪೆಟ್ಟಿಗೆ ಮಾಡುವ ಕೆಲಸ

ಟ್ರಾವೆಲ್ ರೌಟರ್ ಎಂಬ ಹೆಸರೇ ಸೂಚಿಸುವಂತೆ ಇದು ಮೂಲತಃ ಪ್ರಯಾಣಿಕರಿಗಾಗಿ ರೂಪುಗೊಂಡದ್ದು. ವಸತಿಗೃಹದ ವೈಫೈಯನ್ನು ತಾನು ಪಡೆದುಕೊಂಡು, ಪ್ರಯಾಣಿಕನ ಫೋನು, ಲ್ಯಾಪ್‌ಟಾಪುಗಳಿಗೆ ತನ್ನದೇ ಆದ ಪ್ರತ್ಯೇಕ ವೈಫೈಯನ್ನು ಒದಗಿಸುವುದು ಅದರ ಕೆಲಸ. ಫೋನಿನ ಚಾರ್ಜರಿನಿಂದಲೇ ಓಡುವಷ್ಟು ಕಡಿಮೆ ವಿದ್ಯುತ್ತು ಅದಕ್ಕೆ ಸಾಕು. ಇಂದು ಹೆಚ್ಚು ಪ್ರಚಾರದಲ್ಲಿರುವ ಜಿಎಲ್-ಐನೆಟ್ ಕಂಪನಿಯ ಪೆಟ್ಟಿಗೆಗಳು ಓಪನ್-ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶದ ಮೇಲೆ ನಿಂತಿವೆ; ವಿಪಿಎನ್ ಸೌಲಭ್ಯ ಅವುಗಳಲ್ಲಿ ಮೊದಲೇ ಇರುತ್ತದೆ. ವಸತಿಗೃಹದಲ್ಲಿ ಮಾಡುವ ಕೆಲಸವನ್ನೇ ಅದು ಮನೆಯಲ್ಲಿಯೂ ಮಾಡಬಲ್ಲುದು. ಬಿಎಸ್‌ಎನ್‌ಎಲ್ ಆಗಲಿ, ಕೆ-ಫೋನ್ ಆಗಲಿ, ಊರಿನ ಕೇಬಲ್‌ನವರಾಗಲಿ ಕೊಟ್ಟ ಮೋಡೆಮ್ ಹೊರಗಿನ ಅಂಗಳವಾದರೆ, ಈ ಪೆಟ್ಟಿಗೆಯ ವೈಫೈ ಒಳಗಿನ ಕೋಣೆಯಾಗುತ್ತದೆ.

ವಿಪಿಎನ್ ಎಂದರೇನು ಎಂಬುದನ್ನು ಅಂಚೆಯ ಹೋಲಿಕೆಯಿಂದ ತಿಳಿಯಬಹುದು. ನೀವು ಬರೆದ ಕಾಗದವನ್ನು ಲಕೋಟೆಯಲ್ಲಿಟ್ಟು ಅಂಟಿಸಿದರೂ ಯಾರಿಗೆ ಬರೆದಿರಿ ಎಂಬುದು ಅಂಚೆಯವನಿಗೆ ವಿಳಾಸ ನೋಡಿದರೆ ತಿಳಿಯುತ್ತದೆ. ಆ ಲಕೋಟೆಯನ್ನು ಇನ್ನೊಂದು ದೊಡ್ಡ ಲಕೋಟೆಯೊಳಗೆ ಇರಿಸಿ, ದೂರದ ಪೇಟೆಯಲ್ಲಿರುವ ಒಬ್ಬ ಮಧ್ಯಸ್ಥನ ವಿಳಾಸ ಬರೆದು ಕಳುಹಿಸಿದರೆ, ಊರಿನ ಅಂಚೆಯವನಿಗೆ ಮಧ್ಯಸ್ಥನ ಹೆಸರು ಮಾತ್ರ ಕಾಣುತ್ತದೆ. ಮಧ್ಯಸ್ಥನು ಹೊರ ಲಕೋಟೆಯನ್ನು ಬಿಚ್ಚಿ, ಒಳಗಿನದನ್ನು ತನ್ನ ಊರಿನಿಂದ ಅಂಚೆಗೆ ಹಾಕುತ್ತಾನೆ. ಪಡೆದವನಿಗೆ ಕಾಗದ ಮಧ್ಯಸ್ಥನ ಊರಿನಿಂದ ಬಂದಂತೆ ತೋರುತ್ತದೆ. ಊರಿನ ಅಂಚೆಯವನೆಂದರೆ ನಮಗೆ ಅಂತರ್ಜಾಲ ಕೊಡುವ ಕಂಪನಿ. ಮಧ್ಯಸ್ಥನೆಂದರೆ ವಿಪಿಎನ್ ಕಂಪನಿ.

ಇದನ್ನು ಪ್ರತಿಯೊಂದು ಫೋನಿನಲ್ಲಿಯೂ ಆಪ್ ಮೂಲಕ ಹಾಕಿಕೊಳ್ಳಬಹುದು. ಆದರೂ ರೌಟರಿನಲ್ಲಿ ಹಾಕುವುದಕ್ಕೆ ಎರಡು ಒಳ್ಳೆಯ ಕಾರಣಗಳಿವೆ. ಶಾಲೆಯಿಂದ ಅಥವಾ ಇಲಾಖೆಯಿಂದ ಬಂದ ಲ್ಯಾಪ್‌ಟಾಪಿನಲ್ಲಿ ಹೊಸ ತಂತ್ರಾಂಶ ಅಳವಡಿಸಲು ಅನುಮತಿ ಇಲ್ಲದಿರಬಹುದು. ರೌಟರಿನಲ್ಲಿದ್ದರೆ ಆ ಲ್ಯಾಪ್‌ಟಾಪನ್ನು ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಎರಡನೆಯದಾಗಿ, ಆಪಿನ ಗುಂಡಿ ಮಗುವಿನ ಬೆರಳಿನಲ್ಲಿದೆ. ರೌಟರಿನ ಗುಪ್ತಪದ ಹೆತ್ತವರ ಕೈಯಲ್ಲಿ ಉಳಿಯುತ್ತದೆ.

ಮರೆಯಾಗುವುದೂ ಉಳಿಯುವುದೂ

ಇಂದಿನ ಬಹುತೇಕ ಜಾಲತಾಣಗಳಲ್ಲಿ ನೀವು ಬರೆಯುವ, ಓದುವ ವಿಷಯ ಮೊದಲೇ ಗೂಢಲಿಪಿಯಲ್ಲಿ ಸಾಗುತ್ತದೆ. ವಿಳಾಸದ ಮೊದಲಿಗೆ ಕಾಣುವ ಎಚ್‌ಟಿಟಿಪಿಎಸ್ ಎಂಬ ಗುರುತು ಅದನ್ನೇ ಸೂಚಿಸುತ್ತದೆ. ಬ್ಯಾಂಕಿನ ಗುಪ್ತಪದವನ್ನು ಊರಿನ ಕೇಬಲ್‌ನವನು ಓದುತ್ತಾನೆ ಎಂಬ ಭಯದಿಂದ ವಿಪಿಎನ್ ಹಾಕಬೇಕಾಗಿಲ್ಲ. ಆದರೆ ಮನೆಯವರು ಯಾವ ಯಾವ ತಾಣಗಳಿಗೆ, ಯಾವ ಹೊತ್ತಿನಲ್ಲಿ ಹೋದರು ಎಂಬ ಪಟ್ಟಿ ಅಂತರ್ಜಾಲ ಕಂಪನಿಗೆ ದೊರೆಯುತ್ತದೆ. ವಿಪಿಎನ್ ಹಾಕಿದರೆ ಆ ಪಟ್ಟಿ ಅಲ್ಲಿ ಮರೆಯಾಗಿ ವಿಪಿಎನ್ ಕಂಪನಿಯ ಕಣ್ಣಿಗೆ ಬೀಳುತ್ತದೆ. ತಾಣದವರಿಗೆ ಮನೆಯ ಐಪಿ ವಿಳಾಸದ ಬದಲು ಮಧ್ಯಸ್ಥನ ವಿಳಾಸ ಕಾಣುತ್ತದೆ. ಪ್ರಯೋಜನ ಇಷ್ಟೇ.

ಮಗು ಗೂಗಲ್ ಖಾತೆಯೊಳಗೆ ಹೊಕ್ಕು ವೀಡಿಯೊ ನೋಡಿದರೆ ನೋಡಿದವರು ಯಾರೆಂಬುದು ಗೂಗಲಿಗೆ ತಿಳಿದೇ ಇರುತ್ತದೆ. ಫೋನಿನ ಆಪಿಗೆ ಸ್ಥಳ, ಸಂಪರ್ಕ ಪಟ್ಟಿ, ಕ್ಯಾಮರಾಗಳ ಅನುಮತಿ ಕೊಟ್ಟಿದ್ದರೆ ಆ ಮಾಹಿತಿ ದೊಡ್ಡ ಲಕೋಟೆಯೊಳಗೇ ಕುಳಿತು ಸುಖವಾಗಿ ಪ್ರಯಾಣ ಮಾಡುತ್ತದೆ. 2020ರ ಜೂನಿನಲ್ಲಿ ವಿಕ್ಟರ್ಸ್ ವಾಹಿನಿಯ ಫಸ್ಟ್ ಬೆಲ್ ತರಗತಿಗಳು ಆರಂಭವಾದಂದಿನಿಂದ ಓದಿನ ನೆಪದಲ್ಲಿ ನಮ್ಮ ಮನೆಗಳಿಗೆ ಬಂದ ಆಪುಗಳನ್ನು ನೆನೆಸಿಕೊಳ್ಳಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿ, 49 ದೇಶಗಳಲ್ಲಿ ಕೊರೋನಾ ಕಾಲದ ಕಲಿಕೆಗೆ ಬಳಕೆಯಾದ 160ಕ್ಕೂ ಹೆಚ್ಚು ಆಪು ಮತ್ತು ತಾಣಗಳನ್ನು ಪರಿಶೀಲಿಸಿತ್ತು. ಅವುಗಳಲ್ಲಿ ಶೇಕಡಾ 89ರಷ್ಟು ಮಕ್ಕಳ ಹಕ್ಕಿಗೆ ಕುಂದು ತರುವ ಅಥವಾ ತರಬಹುದಾದ ರೀತಿಯಲ್ಲಿ ಮಾಹಿತಿಯನ್ನು ಬಳಸುತ್ತಿದ್ದುವು ಎಂಬುದು ಅದರ ನಿರ್ಣಯ. ಈ ಬಗೆಯ ಸೋರಿಕೆಯನ್ನು ವಿಪಿಎನ್ ಒಂದೇ ನಿಲ್ಲಿಸಲಾರದು. ಆಪಿನ ಅನುಮತಿಗಳನ್ನು ಒಂದೊಂದಾಗಿ ಹಿಂತೆಗೆದುಕೊಳ್ಳುವುದು ಮೊದಲ ಮದ್ದು. ಜಾಹೀರಾತು ಮತ್ತು ಹಿಂಬಾಲಕ ತಾಣಗಳನ್ನು ರೌಟರಿನಲ್ಲಿಯೇ ತಡೆಯುವ ಆಡ್‌ಗಾರ್ಡ್ ಹೋಮ್ ಎಂಬ ಸೌಲಭ್ಯ ಜಿಎಲ್-ಐನೆಟ್‌ನ ಹಲವು ಪೆಟ್ಟಿಗೆಗಳಲ್ಲಿ ಇದೆ. ಅದು ಎರಡನೆಯ ಮದ್ದು.

ಇಲ್ಲಿಯೇ ಇನ್ನೊಂದು ಮಾತು. ವಯಸ್ಕರ ತಾಣಗಳು ಮಕ್ಕಳ ಕಣ್ಣಿಗೆ ಬೀಳಬಾರದು ಎಂಬುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ವಿಪಿಎನ್ ಬೇಕಾಗಿಯೇ ಇಲ್ಲ. ರೌಟರಿನ ಡಿಎನ್‌ಎಸ್ ಎಂಬ ಸ್ಥಾನದಲ್ಲಿ 1.1.1.3 ಎಂದು ಬರೆದರೆ ಕ್ಲೌಡ್‌ಫ್ಲೇರ್ ಸಂಸ್ಥೆಯ ಉಚಿತ ಕುಟುಂಬ ಸೇವೆ ಇಂತಹ ತಾಣಗಳನ್ನೂ ಕಿಡಿಗೇಡಿ ತಂತ್ರಾಂಶ ಹರಡುವ ತಾಣಗಳನ್ನೂ ಬಹುಮಟ್ಟಿಗೆ ತಡೆಯುತ್ತದೆ. ಹಾಗೆಯೇ, ಕೇರಳದ ವಿಳಾಸವನ್ನು ಕಂಡೊಡನೆ ತಾಣಗಳು ಮಲಯಾಳದಲ್ಲಿ ತೆರೆದುಕೊಳ್ಳುತ್ತವೆ, ವಿಪಿಎನ್ ಹಾಕಿದರೆ ಕನ್ನಡ ಬಂದೀತೆ ಎಂದು ಕೇಳಿದವರಿದ್ದಾರೆ. ಮಧ್ಯಸ್ಥನು ಸಿಂಗಾಪುರದಲ್ಲಿದ್ದರೆ ಅಲ್ಲಿಯ ಭಾಷೆ ಬರಬಹುದೇ ಹೊರತು ಕನ್ನಡ ಬಾರದು. ಫೋನಿನ ಮತ್ತು ಬ್ರೌಸರಿನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದೇ ಅದಕ್ಕೆ ಸರಿಯಾದ ದಾರಿ.

ಕಾನೂನಿನ ನೆಲೆ

ಖಾಸಗಿತನ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ಅರ್ಜಿಯನ್ನು ಹೂಡಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎರಡು ವರ್ಷಗಳ ಬಳಿಕ, 2019ರ ಸೆಪ್ಟೆಂಬರಿನಲ್ಲಿ, ಕೋಯಿಕ್ಕೋಡು ಜಿಲ್ಲೆಯ ಕಾಲೇಜೊಂದರ ವಿದ್ಯಾರ್ಥಿನಿಯ ಅರ್ಜಿಯಲ್ಲಿ ನಮ್ಮದೇ ಕೇರಳ ಉಚ್ಚ ನ್ಯಾಯಾಲಯ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ವಿದ್ಯಾರ್ಥಿನಿಲಯದಲ್ಲಿ ಫೋನಿಗೆ ವಿಧಿಸಿದ್ದ ನಿರ್ಬಂಧವನ್ನು ಪ್ರಶ್ನಿಸಿದ್ದ ಆಕೆಗೆ ನ್ಯಾಯ ದೊರಕಿತು. ಅಂತರ್ಜಾಲವನ್ನು ಪಡೆಯುವ ಹಕ್ಕು ಶಿಕ್ಷಣದ ಹಕ್ಕಿಗೂ ಸಂವಿಧಾನದ 21ನೆಯ ವಿಧಿಯಡಿಯ ಖಾಸಗಿತನದ ಹಕ್ಕಿಗೂ ಸೇರಿದ್ದೆಂದು ನ್ಯಾಯಾಲಯ ಹೇಳಿತು. ಮಕ್ಕಳ ಸುತ್ತ ಬೇಲಿ ಹಾಕಲು ಹೊರಟ ಹೆತ್ತವರು ಈ ತೀರ್ಪನ್ನು ನೆನಪಿನಲ್ಲಿರಿಸಿಕೊಳ್ಳುವುದು ಒಳ್ಳೆಯದು.

ಮನೆಯಲ್ಲಿ ವಿಪಿಎನ್ ಬಳಸುವುದನ್ನು ಅಪರಾಧವೆಂದು ಸಾರುವ ಸೆಕ್ಷನ್ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರಲ್ಲಿ ಇಲ್ಲ. ಆ ಕಾಯ್ದೆಯ 70ಬಿ ಸೆಕ್ಷನಿನ ಅಧಿಕಾರದಿಂದ ಸರ್ಟ್-ಇನ್ ಎಂಬ ಕೇಂದ್ರ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ವಿಪಿಎನ್ ಸೇವೆ ಮಾರುವ ಕಂಪನಿಗಳ ಮೇಲೆ ಹೊಣೆ ಹೊರಿಸಿತು. ಗ್ರಾಹಕರ ಹೆಸರು, ವಿಳಾಸ, ದೂರವಾಣಿ, ಕೊಟ್ಟ ಐಪಿ ವಿಳಾಸ, ಸೇವೆ ಪಡೆದ ಉದ್ದೇಶ ಮುಂತಾದುವನ್ನು ದಾಖಲಿಸಿ, ಗ್ರಾಹಕನು ಸೇವೆ ಬಿಟ್ಟ ಬಳಿಕವೂ 5 ವರ್ಷ ಕಾಪಾಡಬೇಕೆಂಬುದು ಅದರ ಸಾರ. ಅದನ್ನೊಪ್ಪದ ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್, ಸರ್ಫ್‌ಶಾರ್ಕ್ ಮೊದಲಾದ ಕಂಪನಿಗಳು ಅದೇ ವರ್ಷ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದುವು. ಹಲವು ಕಂಪನಿಗಳ ಪಟ್ಟಿಯಲ್ಲಿ ಭಾರತ ಎಂಬ ಹೆಸರು ಇಂದಿಗೂ ಇದ್ದರೂ ಯಂತ್ರ ಇರುವುದು ಸಿಂಗಾಪುರದಲ್ಲಿಯೋ ಲಂಡನ್ನಿನಲ್ಲಿಯೋ ಆಗಿರಬಹುದು.

ಸ್ಥಳೀಯ ಆದೇಶಗಳ ವಿಷಯ ಬೇರೆ. ಜಮ್ಮು ಕಾಶ್ಮೀರದ ಕೆಲವು ಜಿಲ್ಲೆಗಳಲ್ಲಿ 2025ರಲ್ಲಿ ಜಿಲ್ಲಾ ದಂಡಾಧಿಕಾರಿಗಳು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೆಯ ಸೆಕ್ಷನಿನಡಿ ವಿಪಿಎನ್ ಬಳಕೆಯನ್ನು ತಾತ್ಕಾಲಿಕವಾಗಿ ನಿಷೇಧಿಸಿದ್ದರು. ಅಂತಹ ಆದೇಶ ಇರುವ ಸ್ಥಳಕ್ಕೆ ಪೆಟ್ಟಿಗೆಯನ್ನು ಒಯ್ಯುವವರು ಅದನ್ನು ಪಾಲಿಸಲೇಬೇಕು.

ವಿಪಿಎನ್ ತಪ್ಪಲ್ಲವೆಂದ ಮಾತ್ರಕ್ಕೆ ಅದರ ಮರೆಯಲ್ಲಿ ಮಾಡಿದ್ದೆಲ್ಲ ತಪ್ಪಲ್ಲವೆಂದಾಗದು. ಬೇರೆಯವರ ಗುಪ್ತಪದ ಬಳಸುವುದು 66ಸಿ ಸೆಕ್ಷನಿನಡಿ ಅಪರಾಧ. ಬೇರೊಬ್ಬರಂತೆ ನಟಿಸಿ ವಂಚಿಸುವುದು 66ಡಿ ಅಡಿಯಲ್ಲಿ. ಮಕ್ಕಳ ಲೈಂಗಿಕ ಶೋಷಣೆಯ ದೃಶ್ಯಗಳನ್ನು ಹುಡುಕುವುದು, ನೋಡುವುದು, ಇಳಿಸಿಕೊಳ್ಳುವುದು ಕೂಡ 67ಬಿ ಅಡಿಯಲ್ಲಿ ಅಪರಾಧವಾಗಿದ್ದು ಮೊದಲ ಸಲಕ್ಕೇ 5 ವರ್ಷದವರೆಗೆ ಸೆರೆಮನೆ ಇದೆ. 69ನೆಯ ಸೆಕ್ಷನಿನಂತೆ ಅಧಿಕಾರಿಗಳು ಕ್ರಮಬದ್ಧವಾಗಿ ಕೇಳಿದಾಗ ಗೂಢಲಿಪಿಯನ್ನು ಬಿಡಿಸಲು ಚಂದಾದಾರನೂ ನೆರವಾಗಬೇಕು. ನಿರಾಕರಿಸಿದರೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಹದಿಹರೆಯದ ಮಕ್ಕಳಿಗೆ ಇದನ್ನು ಬೆದರಿಕೆಯ ದನಿಯಲ್ಲಿ ಹೇಳಬೇಕಾಗಿಲ್ಲ, ಆದರೆ ಹೇಳದೆ ಬಿಡಬಾರದು.

ಮಕ್ಕಳ ಪರವಾದ ಕಾನೂನೂ ಬಂದಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ 9ನೆಯ ಸೆಕ್ಷನಿನಂತೆ 18 ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಖಚಿತವಾದ ಒಪ್ಪಿಗೆ ಬೇಕು. ಮಕ್ಕಳ ಹಿಂಬಾಲನೆಯನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತನ್ನೂ ಅದು ನಿಷೇಧಿಸುತ್ತದೆ. ಉಲ್ಲಂಘಿಸಿದ ಸಂಸ್ಥೆಗೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಆದರೆ ಇದರ ನಿಯಮಗಳು ಪ್ರಕಟವಾದುದು 2025ರ ನವೆಂಬರಿನಲ್ಲಿ. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಕಾನೂನು ಪೂರ್ಣವಾಗಿ ಕಾಲೂರುವ ತನಕ ಮನೆಯ ಬೇಲಿಯನ್ನು ಮನೆಯವರೇ ನೋಡಿಕೊಳ್ಳಬೇಕು.

ಮನೆಯ ವಿಳಾಸವನ್ನು ಯಾರಿಗೆ ಒಪ್ಪಿಸುತ್ತೀರಿ?

ಅಹಮದಾಬಾದಿನಲ್ಲಿ 2008ರ ಜುಲೈ 26ರಂದು ನಡೆದ ಸರಣಿ ಸ್ಫೋಟಗಳಿಗೆ ಸ್ವಲ್ಪ ಮೊದಲು ಮಾಧ್ಯಮಗಳಿಗೆ ಬಂದ ಇಮೇಲಿನ ಜಾಡು ಹಿಡಿದು ಹೊರಟ ತನಿಖಾಧಿಕಾರಿಗಳು ತಲುಪಿದ್ದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಯನ್ನು. ಅವರ ವೈಫೈಯನ್ನು ಬೇರೆಯವರು ದುರುಪಯೋಗಪಡಿಸಿಕೊಂಡಿದ್ದರು. ಅವರು ವಿಚಾರಣೆಗೆ ಒಳಗಾಗಬೇಕಾಯಿತು, ಕಂಪ್ಯೂಟರು ಪೊಲೀಸರ ವಶವಾಯಿತು. ಐಪಿ ವಿಳಾಸದ ಜಾಡು ಮೊದಲು ಚಂದಾದಾರನ ಬಾಗಿಲನ್ನೇ ತಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ವೈಫೈಗೆ ಒಳ್ಳೆಯ ಗುಪ್ತಪದ ಇಡಿ ಎಂದು ನಾವೆಲ್ಲ ಹೇಳುವುದು ಈ ಕಾರಣದಿಂದಲೇ.

ಈಗ ಉಚಿತ ವಿಪಿಎನ್‌ನ ಕಥೆ ಕೇಳಿ. ಹೋಲಾ ಎಂಬ ಜನಪ್ರಿಯ ಉಚಿತ ಸೇವೆಯ ಬಗ್ಗೆ 2015ರಲ್ಲಿ ಬಯಲಾದ ಸಂಗತಿಯೇನೆಂದರೆ, ಅದು ತನ್ನ ಉಚಿತ ಬಳಕೆದಾರರ ಅಂತರ್ಜಾಲ ಸಂಪರ್ಕವನ್ನೇ ಬೇರೆಯವರ ಸಂಚಾರಕ್ಕೆ ಹೊರದಾರಿಯಾಗಿ ಬಳಸುತ್ತಿತ್ತು. ಆ ಸೌಲಭ್ಯವನ್ನು ಲುಮಿನಾಟಿ ಎಂಬ ಹೆಸರಿನಲ್ಲಿ ಹಣಕ್ಕೆ ಮಾರುತ್ತಿತ್ತು. ಅಂದರೆ ಗೊತ್ತುಗುರಿಯಿಲ್ಲದ ಅಪರಿಚಿತನು ಎಲ್ಲಿಯೋ ಕುಳಿತು ಮಾಡಿದ ಕೆಲಸಕ್ಕೆ ನಿಮ್ಮ ಮನೆಯ ವಿಳಾಸ ಅಂಟಿಕೊಳ್ಳಬಹುದು. ನವಿ ಮುಂಬಯಿಯ ಆ ಮನೆಗೆ ಕಳ್ಳತನದಿಂದ ನುಗ್ಗಿದ್ದರು. ಇಲ್ಲಿ ಮನೆಯವರೇ ಓದದ ಷರತ್ತುಗಳಿಗೆ ಒಪ್ಪಿಗೆ ಒತ್ತಿ ಬಾಗಿಲು ತೆರೆದುಕೊಟ್ಟಂತಾಯಿತು.

ಇನ್ನೊಂದು ನಿದರ್ಶನ ಓನಾವೋ ಪ್ರೊಟೆಕ್ಟ್. 2013ರಲ್ಲಿ ಫೇಸ್‌ಬುಕ್ ಕೊಂಡುಕೊಂಡ ಓನಾವೋ ಕಂಪನಿಯ ಈ ಉಚಿತ ವಿಪಿಎನ್ ಆಪ್ ಗ್ರಾಹಕರ ಮಾಹಿತಿಯನ್ನು ಕಾಪಾಡುತ್ತೇನೆಂದು ಹೇಳಿಕೊಂಡು, ಅವರು ಯಾವ ಆಪನ್ನು ಎಷ್ಟು ಹೊತ್ತು ಬಳಸಿದರೆಂಬ ಮಾಹಿತಿಯನ್ನು ಕಲೆಹಾಕಿ ಫೇಸ್‌ಬುಕ್ಕಿನ ವ್ಯಾಪಾರಕ್ಕೆ ಒದಗಿಸಿತು. ಆಸ್ಟ್ರೇಲಿಯಾದ ಫೆಡರಲ್ ನ್ಯಾಯಾಲಯ 2023ರ ಜುಲೈನಲ್ಲಿ ಈ ಕಾರಣಕ್ಕೆ ಅದರ ಎರಡು ಅಂಗಸಂಸ್ಥೆಗಳಿಗೆ ಒಟ್ಟು 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಮಧ್ಯಸ್ಥನೇ ಲಕೋಟೆಗಳ ಪಟ್ಟಿ ಬರೆದಿಟ್ಟುಕೊಂಡ ಪ್ರಕರಣ ಇದು.

ಎಲ್ಲ ಉಚಿತ ಸೇವೆಯೂ ಮೋಸವೆಂದಲ್ಲ. ಹಣ ಕೊಡುವ ಗ್ರಾಹಕರ ಬಲದಿಂದ ಸೀಮಿತವಾದ ಉಚಿತ ಸೇವೆ ಕೊಡುವ ಸಂಸ್ಥೆಗಳೂ ಇವೆ. ಆರಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ಕಂಪನಿಯ ನೋಂದಣಿ ಯಾವ ದೇಶದಲ್ಲಿದೆ? ಅದರ ಆದಾಯದ ಮೂಲ ಯಾವುದು? ಬಳಕೆಯ ದಾಖಲೆ ಇಡುವುದಿಲ್ಲವೆಂಬ ಮಾತನ್ನು ಹೊರಗಿನ ಲೆಕ್ಕಪರಿಶೋಧಕರು ಪರೀಕ್ಷಿಸಿ ವರದಿ ಪ್ರಕಟಿಸಿದ್ದಾರೆಯೆ? ರೌಟರಿನಲ್ಲಿ ಹಾಕಲು ಬೇಕಾದ ಕಡತವನ್ನು ಅದು ಕೊಡುತ್ತದೆಯೆ? ಮೊದಲ ಎರಡಕ್ಕೆ ಸ್ಪಷ್ಟ ಉತ್ತರ ಸಿಗದಿದ್ದರೆ ಆ ಸೇವೆಯನ್ನು ಬಿಟ್ಟುಬಿಡಿ. ಊರಿನ ಅಂತರ್ಜಾಲ ಕಂಪನಿಗೆ ಕನಿಷ್ಠ ಒಂದು ಕಚೇರಿಯಿದೆ, ದೂರು ಕೊಡಲು ಒಂದು ಬಾಗಿಲಿದೆ. ವಿಳಾಸವಿಲ್ಲದ ಮಧ್ಯಸ್ಥನ ಮೇಲೆ ಬಳಕೆದಾರರ ವೇದಿಕೆಯಲ್ಲಿ ದಾವೆ ಹೂಡುವುದು ಕಷ್ಟ.

ಜೋಡಿಸುವ ಕ್ರಮ

ಭಾರತದಲ್ಲಿ ಮಾರಾಟವಾಗುವ ವೈರ್‌ಲೆಸ್ ಉಪಕರಣಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಅನುಮೋದನೆ ಇರಬೇಕು. ಆದಕಾರಣ ಇಲ್ಲಿಯೇ ಕೊಳ್ಳುವವರು ಬಿಲ್ಲು ಕೇಳಿ ಪಡೆದು ಜೋಪಾನವಾಗಿಡಿ.

ಮೊದಲು ಮೋಡೆಮ್‌ನ ಲ್ಯಾನ್ ಎಂದು ಬರೆದ ರಂಧ್ರದಿಂದ ಸಣ್ಣ ಪೆಟ್ಟಿಗೆಯ ವ್ಯಾನ್ ಎಂದು ಬರೆದ ರಂಧ್ರಕ್ಕೆ ತಂತಿ ಜೋಡಿಸಿ. ಪೆಟ್ಟಿಗೆಯ ತಳದಲ್ಲಿ ಮುದ್ರಿತವಾದ ವೈಫೈ ಹೆಸರು ಮತ್ತು ಗುಪ್ತಪದದಿಂದ ಕಂಪ್ಯೂಟರನ್ನು ಅದಕ್ಕೆ ಸೇರಿಸಿ. ಜಿಎಲ್-ಐನೆಟ್ ಪೆಟ್ಟಿಗೆಯಾದರೆ ಬ್ರೌಸರಿನಲ್ಲಿ 192.168.8.1 ಎಂದು ಬರೆದರೆ ಅದರ ನಿರ್ವಹಣಾ ಪುಟ ತೆರೆಯುತ್ತದೆ. ಕೆಲವು 4ಜಿ ವೈಫೈ ಪೆಟ್ಟಿಗೆಗಳಿಗೂ ಇದೇ ವಿಳಾಸ ಇರುವುದುಂಟು. ಅಂತಹದಕ್ಕೆ ಜೋಡಿಸಿದ್ದರೆ ಎರಡರಲ್ಲಿ ಒಂದರ ವಿಳಾಸವನ್ನು ಬದಲಿಸಬೇಕು. ನಿರ್ವಹಣೆಯ ಗುಪ್ತಪದ, ವೈಫೈಯ ಹೆಸರು, ವೈಫೈಯ ಗುಪ್ತಪದ ಈ ಮೂರನ್ನೂ ಹೊಸದಾಗಿ ಇಡಿ. ಬಳಿಕ ಪೆಟ್ಟಿಗೆಯ ತಂತ್ರಾಂಶವನ್ನು ನವೀಕರಿಸಿ. ಇದಿಷ್ಟು ಆಗುವ ತನಕ ವಿಪಿಎನ್‌ನ ಸುದ್ದಿಗೆ ಹೋಗಬೇಡಿ.

ಬಳಿಕ ವಿಪಿಎನ್ ಕಂಪನಿಯಿಂದ ಪಡೆದ ವೈರ್‌ಗಾರ್ಡ್ ಕಡತವನ್ನು ಅದೇ ಪುಟದಲ್ಲಿ ಏರಿಸಿ ಚಾಲೂ ಮಾಡಿ. ಹಳೆಯ ಓಪನ್‌ವಿಪಿಎನ್ ಕ್ರಮಕ್ಕಿಂತ ವೈರ್‌ಗಾರ್ಡ್ ಹಗುರವಾದುದು. 2020ರಿಂದ ಲಿನಕ್ಸ್‌ನ ತಿರುಳಿನಲ್ಲಿಯೇ ಅದು ಸೇರಿಕೊಂಡಿದೆ. ಪೆಟ್ಟಿಗೆಯ ಮೆದುಳು ಸಣ್ಣದಾದುದರಿಂದ ವೇಗ ಕಡಿಮೆಯಾಗುವುದು ಸಹಜ. ಅತಿ ಅಗ್ಗದ ಪೆಟ್ಟಿಗೆಯಲ್ಲಿ ಅರ್ಧಕ್ಕಿಂತಲೂ ಇಳಿಯಬಹುದು. ಕಿಲ್ ಸ್ವಿಚ್ ಅಥವಾ ವಿಪಿಎನ್ ಅಲ್ಲದ ಸಂಚಾರವನ್ನು ತಡೆ ಎಂಬರ್ಥದ ಆಯ್ಕೆಯನ್ನು ಮರೆಯದೆ ಒತ್ತಿ. ಇಲ್ಲವಾದರೆ ವಿಪಿಎನ್ ಕಡಿದು ಹೋದಾಗ ಪೆಟ್ಟಿಗೆ ಸದ್ದಿಲ್ಲದೆ ಹಳೆಯ ದಾರಿಯಲ್ಲಿ ಎಲ್ಲವನ್ನೂ ಕಳುಹಿಸುತ್ತದೆ. ಕೊನೆಗೆ ಪರೀಕ್ಷೆ: ನನ್ನ ಐಪಿ ವಿಳಾಸ ಯಾವುದೆಂದು ತೋರಿಸುವ ತಾಣವನ್ನು ಎರಡೂ ವೈಫೈಗಳಿಂದ ನೋಡಿ, ಸಂಖ್ಯೆ ಬೇರೆ ಬೇರೆ ಇರಬೇಕು.

ಯಾವುದು ಒಳಗೆ, ಯಾವುದು ಹೊರಗೆ ಎಂಬಲ್ಲಿ ಒಂದು ಸೂಕ್ಷ್ಮವಿದೆ. ಹೊರ ಅಂಗಳದಲ್ಲಿರುವ ಉಪಕರಣಕ್ಕೆ ಒಳಕೋಣೆ ಕಾಣುವುದಿಲ್ಲ. ಆದರೆ ಒಳಕೋಣೆಯಲ್ಲಿರುವುದಕ್ಕೆ ಅಂಗಳ ಕಾಣಬಲ್ಲುದು. ಆದಕಾರಣ ಮಕ್ಕಳ ಓದಿನ ಲ್ಯಾಪ್‌ಟಾಪು, ಟ್ಯಾಬುಗಳು ಒಳಗಿರಲಿ. ಎಂದೂ ನವೀಕರಣ ಕಾಣದ ಟಿವಿ, ಅಗ್ಗದ ಕಾವಲು ಕ್ಯಾಮರಾ, ಬಂದುಹೋಗುವ ನೆಂಟರ ಫೋನುಗಳು ಹೊರಗಿನ ವೈಫೈಯಲ್ಲಿಯೇ ಇರಲಿ. ಬ್ಯಾಂಕು ಮತ್ತು ಸರಕಾರಿ ಕೆಲಸಕ್ಕೆ ಬಳಸುವ ಫೋನನ್ನೂ ಹೊರಗೇ ಇರಿಸಿ. ಕೆಲವು ಸರಕಾರಿ ತಾಣಗಳು ಭಾರತದ ಹೊರಗಿನ ವಿಳಾಸದಿಂದ ಬಂದವರನ್ನು ಒಳಗೆ ಬಿಡುವುದಿಲ್ಲ, ವಿದೇಶದಿಂದ ಯಾರೋ ಖಾತೆ ತೆರೆದರೆಂದು ಬ್ಯಾಂಕಿನವರು ಖಾತೆಗೆ ತಡೆಯೊಡ್ಡುವುದೂ ಉಂಟು. ಫೋನಿನಲ್ಲಿ ಮೊಬೈಲ್ ಡಾಟಾ ತೆರೆದಿದ್ದರೆ ಅದು ಬೇಲಿ ದಾಟಿದಂತೆಯೇ ಸರಿ ಎಂಬುದೂ ಗಮನದಲ್ಲಿರಲಿ.

ಗಲ್ಫ್‌ಗೆ ಒಯ್ಯುವವರಿಗೆ

ಇದೇ ಪೆಟ್ಟಿಗೆಯ ಜೋಡಿಯೊಂದನ್ನು ಗಲ್ಫ್‌ಗೆ ಒಯ್ದು, ಅಲ್ಲಿಂದ ಮನೆಯ ಸಂಪರ್ಕದ ಮೂಲಕ ವಾಟ್ಸ್‌ಆಪ್ ಕರೆ ಮಾಡಬಹುದೆ ಎಂಬ ಪ್ರಶ್ನೆಗೆ ಬೇರೆಯಾಗಿಯೇ ಉತ್ತರಿಸಬೇಕಾಗಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ವಾಟ್ಸ್‌ಆಪ್ ಕರೆಗಳಿಗೆ ತಡೆಯಿರುವುದು ನಮ್ಮ ಎಲ್ಲ ಮನೆಗಳಿಗೂ ತಿಳಿದ ಸಂಗತಿ. ಅಲ್ಲಿಯ 2021ರ 34ನೆಯ ಸಂಖ್ಯೆಯ ಸೈಬರ್ ಅಪರಾಧ ಶಾಸನದ 10ನೆಯ ವಿಧಿ ಹೇಳುವುದೇನೆಂದರೆ, ಅಪರಾಧ ಎಸಗುವ ಅಥವಾ ಅದು ಪತ್ತೆಯಾಗದಂತೆ ಮಾಡುವ ಉದ್ದೇಶದಿಂದ ಸುಳ್ಳು ಐಪಿ ವಿಳಾಸವನ್ನೋ ಬೇರೆಯವರ ವಿಳಾಸವನ್ನೋ ಬಳಸಿದವನಿಗೆ ಸೆರೆಮನೆ, 5 ಲಕ್ಷದಿಂದ 20 ಲಕ್ಷ ದಿರಮ್‌ವರೆಗೆ ದಂಡ, ಅಥವಾ ಎರಡೂ. ಕಂಪನಿಗಳೂ ಬ್ಯಾಂಕುಗಳೂ ತಮ್ಮ ಕೆಲಸಕ್ಕೆ ವಿಪಿಎನ್ ಬಳಸುವುದಕ್ಕೆ ಅಲ್ಲಿ ಅಡ್ಡಿಯಿಲ್ಲ. ತಡೆಹಿಡಿದ ಸೇವೆಯನ್ನು ಪಡೆಯಲು ಬಳಸುವುದು ಮಾತ್ರ ಅಪಾಯದ ದಾರಿ. ಅಲ್ಲಿ ಅನುಮತಿ ಪಡೆದ ಬೋಟಿಮ್‌ನಂತಹ ಆಪುಗಳಲ್ಲಿ ಮಾತಾಡುವುದೇ ಕ್ಷೇಮ. ಊರಿನಲ್ಲಿ ಕಾನೂನುಬದ್ಧವಾದ ವಸ್ತು ವಿಮಾನ ಇಳಿದ ಬಳಿಕವೂ ಹಾಗೆಯೇ ಉಳಿಯುತ್ತದೆ ಎಂದು ಭಾವಿಸಿ, ಮಕ್ಕಳ ಮುಖ ನೋಡುವ ಆಸೆಗೆ ಕೆಲಸವನ್ನೂ ವೀಸಾವನ್ನೂ ಪಣಕ್ಕೊಡ್ಡಬೇಡಿ. ಅಂದಹಾಗೆ, ನಮ್ಮ ಅನೇಕ ಅಂತರ್ಜಾಲ ಕಂಪನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಲವು ಮನೆಗಳಿಗೆ ಹಂಚುವುದರಿಂದ ಹೊರದೇಶದಿಂದ ಮನೆಯ ಪೆಟ್ಟಿಗೆಯನ್ನು ತಲುಪುವುದು ತಾಂತ್ರಿಕವಾಗಿಯೂ ಸುಲಭವಿಲ್ಲ.

ತೊಂದರೆಯಾದರೆ

ಓಟಿಪಿ ಕೇಳಿ ಹಣ ದೋಚುವವನನ್ನು ಯಾವ ವಿಪಿಎನ್ ಕೂಡ ತಡೆಯುವುದಿಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ; ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಜಿಲ್ಲೆಯ ಸೈಬರ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡುವಾಗ ಮಲಯಾಳ ಬರುವುದಿಲ್ಲವೆಂದು ಹಿಂಜರಿಯಬೇಡಿ. ರಾಜ್ಯ ಸರಕಾರದೊಡನೆಯೂ, ನಮ್ಮ ಪ್ರದೇಶದಲ್ಲಿರುವ ಅದರ ಸ್ಥಳೀಯ ಕಚೇರಿಗಳೊಡನೆಯೂ ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ಅವಕಾಶ ಕೊಟ್ಟಿದೆ. ಕನ್ನಡದಲ್ಲಿಯೇ ಬರೆದು, ಪ್ರತಿಗೆ ಸ್ವೀಕೃತಿ ಪಡೆದುಕೊಳ್ಳಿ.

ಪೆಟ್ಟಿಗೆ ಜೋಡಿಸಿದವರು ಒಂದು ಹಾಳೆಯಲ್ಲಿ ನಿರ್ವಹಣೆಯ ಗುಪ್ತಪದ, ವಿಪಿಎನ್ ಕಂಪನಿಯ ಹೆಸರು, ಚಂದಾ ಮುಗಿಯುವ ದಿನಾಂಕ, ಒಳಗೆ ಸೇರಿಸಿದ ಉಪಕರಣಗಳ ಪಟ್ಟಿ ಇವಿಷ್ಟನ್ನು ಬರೆದು ರೇಷನ್ ಕಾರ್ಡಿನೊಡನೆ ಇಡಿ. ಜೋಡಿಸಿದವರು ಊರಿನಲ್ಲಿ ಇಲ್ಲದಿರುವಾಗ ಮನೆಯಲ್ಲಿರುವವರು ಅದನ್ನು ನಿಲ್ಲಿಸಲೂ ಮತ್ತೆ ಓಡಿಸಲೂ ತಿಳಿದಿರಬೇಕು. ಹೈಸ್ಕೂಲುಗಳಲ್ಲಿ ಲಿಟಲ್ ಕೈಟ್ಸ್ ಘಟಕದ ಮಕ್ಕಳು ಇಂತಹ ವಿಷಯಗಳಲ್ಲಿ ತರಬೇತಿ ಪಡೆದಿರುತ್ತಾರೆ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅವರಿಗೆ ಅರ್ಧ ಗಂಟೆ ಕೊಟ್ಟು, ರೌಟರಿನ ಗುಪ್ತಪದ ಬದಲಿಸುವುದನ್ನೂ ಆಪಿನ ಅನುಮತಿ ಹಿಂತೆಗೆದುಕೊಳ್ಳುವುದನ್ನೂ ಕನ್ನಡದಲ್ಲಿ ತೋರಿಸಿಕೊಡುವಂತೆ ಕೇಳಿ. ಬೇಲಿ ಏಕೆ ಬೇಕೆಂದು ಮಕ್ಕಳ ಬಾಯಿಂದಲೇ ಕೇಳಿದ ಬಳಿಕ ಎರಡನೆಯ ರೌಟರ್ ಕೊಳ್ಳಬೇಕೋ ಬೇಡವೋ ಎಂಬುದನ್ನು ಮನೆಯಲ್ಲಿ ಅವರೊಡನೆ ಕುಳಿತು ತೀರ್ಮಾನಿಸಬಹುದು.